ಖಾಲಿ ಇರಬೇಕಾಗಿದ್ದ ತೊಟ್ಟಿಲು

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲಿ. ಆ ತೊಟ್ಟಿಲಿನ ಮಾತು ಬಂದರಂತೂ ಇವತ್ತಿಗೂ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಗೋಕಾಕದ ಹೆಣ್ಣುಮಕ್ಕಳ ಸಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದೆ. ಪೇಟೆಯ ಹಿಂದಿನ ಹಳೆಯ ವಾಡೆಯಲ್ಲಿ ಊರ ಹಿರಿಯರು ಸೇರಿ ಮ್ಯೂಜಿಯಂ ತೆರೆದರು. ಮ್ಯೂಜಿಯಂ ಅಂದರೆ ಏನು, ತುಕ್ಕು ಹಿಡಿದ ಕತ್ತಿಗಳು, ಮೂಗು ಮುರಿದ ವಿಗ್ರಹಗಳು, ಅಷ್ಟೇ. ಒಂದು ಕೋಣೆಯಲ್ಲಿ ಇಡಲು ಏನೂ ಉಳಿಯಲಿಲ್ಲ. "ಅಕ್ಕಾರ, ಅದನ್ನ ನೀವ ತುಂಬ್ರಿ, ಛಂದಾಗಿ ಏನರ ಮಾಡ್ರಿ" ಎಂದರು ಕಮಿಟಿಯ ಮುಖ್ಯಸ್ಥರಾಗಿದ್ದ ವಕೀಲರು.

ಅವರು ಬಯಸಿದ್ದು ಗೋಡೆಗೆ ನೇತುಹಾಕುವ ಬಣ್ಣದ ಚಿತ್ರ. ನಾನು ಹುಕ್ಕೇರಿಯ ತವರುಮನೆಯ ಅಟ್ಟದಲ್ಲಿದ್ದ ತೊಟ್ಟಿಲನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಬಂದು ಕೋಣೆಯ ನಡುವಿನ ತೊಲೆಗೆ ತೂಗುಹಾಕಿದೆ. ಕೆಳಗೆ ಸುತ್ತಲೂ ಮೂಡಲಗಿಯ ಅತ್ತೆಮನೆಯ ಹಳೆಯ ಸಾಮಾನು: ಬೀಸುಕಲ್ಲು, ರುಬ್ಬುವ ಗುಂಡುಕಲ್ಲು, ಒನಕೆ, ಮಸಿ ಹಿಡಿದ ಕಂದೀಲು, ತೇಪೆ ಹಾಕಿದ ಕೌದಿ. ಯಾರದೋ ದಾರಿ ಕಾಯುತ್ತ ಕೂತವರಂತೆ ಎಲ್ಲವನ್ನೂ ಜೋಡಿಸಿದೆ. ತೊಟ್ಟಿಲು ಮಾತ್ರ ಖಾಲಿ.

ಅದು ನನ್ನ ಕೂಸಿಗೆಂದು ಅಪ್ಪ ಮಾಡಿಸಿದ ತೊಟ್ಟಿಲು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವ ಮೊದಲೇ ಕೂಸು ಹೋಯಿತು. ಆಮೇಲೆ ಎರಡೂ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದರೆ "ಆಗಿದ್ದು ಆತು, ಇನ್ನೊಂದ ಆಗ್ತೈತಿ ತಗೋ" ಎಂದು ಬಾಯಿ ಮುಚ್ಚಿಸಿದರು. ಇನ್ನೊಂದು ಆಗಲಿಲ್ಲ. ಎಲ್ಲಾದರೂ ಒಂದು ಕಡೆ, ನಾಲ್ಕು ಮಂದಿಯ ಕಣ್ಣೆದುರು, ಆ ತೊಟ್ಟಿಲು ಖಾಲಿಯಾಗಿಯೇ ತೂಗಬೇಕು. ನಾನು ಬೇಡಿದ್ದು ಅಷ್ಟೇ.

ಬಿಟ್ಟರೆ ತಾನೆ! ಮೊದಲ ದಿನವೇ ಅಲ್ಲಿಯ ಜವಾನ ತನ್ನ ಬುತ್ತಿಗಂಟು ತಂದು ಅದರಲ್ಲಿಟ್ಟ. "ಖಾಲಿ ತೊಟ್ಟಲಾ ತೂಗಬಾರದ್ರಿ ಅಕ್ಕಾರ, ಛಲೋ ಅಲ್ಲ" ಎಂದ. ತೆಗೆಸಿದೆ. ಮರುದಿನ ಮತ್ತೆ ಬುತ್ತಿ, ಮೇಲೊಂದು ಉಳ್ಳಾಗಡ್ಡಿ. ಅವನ ಕಾಟ ತಪ್ಪಿತು ಅನ್ನುವಷ್ಟರಲ್ಲಿ ವಕೀಲರು ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆಯೊಂದನ್ನು ಮಲಗಿಸಿ, "ಈಗ ನೋಡ್ರಿ, ಕಳೆ ಬಂತು!" ಎಂದರು. ಕಳೆಯಂತೆ ಕಳೆ!

"ಅದು ಖಾಲಿನ ಇರಬೇಕ್ರಿ" ಎಂದೆ.

"ಖಾಲಿ ತೊಟ್ಟಲಾ ನೋಡಾಕ ಯಾರ ಬರ್ತಾರ್ರಿ ಅಕ್ಕಾರ? ಇದೇನು ಮ್ಯೂಜಿಯಮ್ಮೋ, ಅಡಗಿಮನಿಯೋ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಗೊಂಬೆಯನ್ನು ಅವರ ಕೈಗೇ ಕೊಟ್ಟು, ಸಾಲೆ ಬಿಟ್ಟ ಮೇಲೆ ದಿನಾ ಅಲ್ಲಿ ಹೋಗಿ ಕಾವಲು ಕೂರತೊಡಗಿದೆ. ಕಲೆ ಮಾಡಿದವಳು ನಾನು, ಕೆಲಸ ಮಾತ್ರ ಹೊಲ ಕಾಯುವವರದು.

ಒಂದು ಸಂತೆಯ ದಿನ ಕಾಲಿಟ್ಟರೆ ಮೇಲವಂಕಿಯ ಕಡೆಯ ಮೂವರು ಹೆಣ್ಣುಮಕ್ಕಳು ಒಳಗಿದ್ದರು. ಅವರಲ್ಲಿ ಮುದುಕಿಯೊಬ್ಬಳು ನನ್ನ ಗುಂಡುಕಲ್ಲನ್ನು ಕೌದಿಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಿದ್ದಳು.

"ಏ ಆಯಿ! ಕೈ ತಗೀ! ನಿಮಗೆಲ್ಲಾ ಏನಾಗೇತಿ? ಒಂದ ಖಾಲಿ ತೊಟ್ಟಲಾ ನೋಡಿದ್ರ ಊರಿಗೂರ ತಡಕೊಳ್ಳಾಕ ಆಗವಲ್ದಲ್ಲ!" ಎಂದು ಕಿರುಚಿದೆ.

ಮುದುಕಿ ಹೆದರಲಿಲ್ಲ. "ಒದರಬ್ಯಾಡ ಯವ್ವಾ. ಹೆಸರಿಡೂ ಮುಂದ ಮೊದಲ ಕಲ್ಲ ಮಲಗಸ್ತಾರ, ಆಮ್ಯಾಲ ಕೂಸು. ಕೂಸಿನ ಆಯುಷ್ಯ ಕಲ್ಲಿನಂಗ ಗಟ್ಟಿ ಇರ್ಲಿ ಅಂತ. ಎಲ್ಲಾ ಸಾಮಾನ ಇಟ್ಟೀರಿ, ಕಲ್ಲ ಕೆಳಗ ಬಿಟ್ಟೀರಿ. ಕೂಸೆಲ್ಲೈತಿ?"

"ಇಲ್ಲ."

"ಇಲ್ಲಂದ್ರ?"

"ಹೋತು. ಹೆಸರಿಡೂದಕ್ಕಿಂತ ಮೊದಲ ಹೋತು."

ಆಕೆ "ಅಯ್ಯ ಶಿವನ" ಎಂದು ನನ್ನನ್ನು ನೋಡಿದಳು. ಇನ್ನೊಂದು ಆಗುತ್ತದೆ ಎನ್ನಲಿಲ್ಲ. "ಹಡದಾಕಿ ಮನಸಿನ್ಯಾಗ ಒಂದ ಹೆಸರ ಇಟ್ಟಿರತಾಳ. ಹೇಳು" ಎಂದಳು.

ಅಷ್ಟು ವರ್ಷಗಳಲ್ಲಿ ಆ ಹೆಸರನ್ನು ನಾನು ಗಂಡನ ಮುಂದೆಯೂ ಉಚ್ಚರಿಸಿರಲಿಲ್ಲ. ಆಕೆಯ ಕಿವಿಯಲ್ಲಿ ಹೇಳಿದೆ. ಆಕೆ ತೊಟ್ಟಿಲಿಗೆ ಬಗ್ಗಿ "ಕುರ್ರ್" ಎಂದು ಕೂಗಿ ಆ ಹೆಸರನ್ನು ಕಲ್ಲಿಗೆ ಹೇಳಿದಳು. ಹೆಸರಿಡುವವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಜೊತೆಗಿದ್ದ ಇಬ್ಬರೂ ಆಕೆಯ ಬೆನ್ನಿಗೆ ಧಬಧಬ ಗುದ್ದಿದರು. ನಾನು ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಅವರು ಬಸ್ಸು ತಪ್ಪುತ್ತದೆಂದು ಲಗುಬಗೆಯಿಂದ ಹೊರಟುಹೋದರು.

ಮರುದಿನ ನಾನು ಹೋಗುವ ಹೊತ್ತಿಗೆ ಜವಾನ ಬುತ್ತಿ ಹಿಡಿದು ತೊಟ್ಟಿಲ ಹತ್ತಿರ ನಿಂತಿದ್ದ.

"ಏ, ಕಣ್ಣ ಕಾಣಸಾಂಗಿಲ್ಲೇನು ನಿನಗ?" ಎಂದು ಗದರಿದೆ. "ಕೂಸು ಮಲಗೇತಿ."

ಅವನು ತೊಟ್ಟಿಲಲ್ಲಿ ಇಣುಕಿ ನೋಡಿದ, ನನ್ನ ಮುಖ ನೋಡಿದ, ಬುತ್ತಿ ತೆಗೆದುಕೊಂಡು ಸದ್ದಿಲ್ಲದೆ ಹೊರಗೆ ಹೋದ.