ನೈಲಾನಿಗೆ ನೇಕಾರ ಗಂಟು

ಊರಿಗೆ ಮರಳಿದ ವಾರದೊಳಗೆ ಮಲ್ಲಿನಾಥನ ಗಾಳದ ಕೋಲಿಗೂ ಬನಹಟ್ಟಿಯಲ್ಲಿ ಕೆಲಸ ಹತ್ತಿತು. ಮಗ್ಗದ ಶೆಡ್ಡಿನ ಹಿಂದೆ ಎರಡು ಗೂಟಗಳ ಮೇಲೆ ಅದನ್ನು ಅಡ್ಡ ಇಟ್ಟು, ಅತ್ತಿಗೆ ಮಂಗಲಾ ಬಣ್ಣ ಹಾಕಿದ ನೂಲಿನ ಲಡಿ ಒಣಹಾಕುತ್ತಿದ್ದಳು. ಕಾರವಾರದಲ್ಲಿ ದೊಡ್ಡ ಮೀನಿಗೂ ಜಗ್ಗದ ಕೋಲು ಇಲ್ಲಿ ಹಸಿ ನೂಲಿನ ಭಾರಕ್ಕೆ ನಡು ಬಗ್ಗಿಸಿತ್ತು.

"ಅತ್ತಿಗಿ, ಅದು ಮೀನ ಹಿಡಿಯೂ ಕೋಲರಿ."

"ಗೊತ್ತೈತಿ. ಅದಕ್ಕ ಹೊರಗ ಇಟ್ಟೇವಲ್ಲ."

ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸಬೇಕೆನ್ನುವ ಮನೆ ಅದು. "ಆ ಕೋಲ ಹೊಸ್ತಿಲಾ ದಾಟಿದರ ನೀನೂ ಅದರ ಜೋಡಿ ಹೊರಗ" ಎಂದು ತಾಯಿ ದಾನಮ್ಮ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು.

ಮಲ್ಲಿನಾಥ ವಿಮಾ ಕಚೇರಿಯ ಗುಮಾಸ್ತ. ಜನರ ಸಾವಿನ ಬಗ್ಗೆ ನಯವಾಗಿ ಮಾತಾಡುವುದಕ್ಕೆ ಅವನಿಗೆ ಪಗಾರ. ಮೊದಲು ಹಾಕಿದ್ದು ಕಾರವಾರಕ್ಕೆ. ಅಲ್ಲಿ ಆರು ವರ್ಷ 'ಊರ ಕಡೆ ಹಾಕ್ರಿ' ಎಂದು ಮೇಲಿನವರ ತಲೆ ತಿಂದು ಊರಿನ ಹತ್ತಿರದ ಜಮಖಂಡಿಗೆ ವರ್ಗ ಮಾಡಿಸಿಕೊಂಡ. ಬಂದು ಮುಟ್ಟಿದ ಮೇಲೆ ಕಡಲು ಬೇಕೆನಿಸಿತು. ಇಂಥವನಿಗೆ ಏನು ಕೊಟ್ಟರೂ ದಂಡ ಎಂದು ಅವನೇ ಅಂದುಕೊಳ್ಳುತ್ತಿದ್ದ.

ಕಾರವಾರದಲ್ಲಿ ಅವನಿಗೆ ಇದ್ದದ್ದು ಒಂದು ರೂಮು, ಒಂದು ಖಾನಾವಳಿ. ಸಂಜೆಯಾದರೆ ಬಂದರಿನ ಕಟ್ಟೆಯ ತುದಿಗೆ ಹೋಗಿ, ಗಾಳ ಹಾಕಿ ಕೂತವರ ಬೆನ್ನು ನೋಡುತ್ತ ನಿಲ್ಲುತ್ತಿದ್ದ. ಅವರಲ್ಲೊಬ್ಬ ಗಣಪು, ಬಂದರಿನ ವರ್ಕ್‌ಶಾಪಿನಿಂದ ನಿವೃತ್ತನಾದವನು. ಒಂದು ದಿನ ಆತ ತಿರುಗಿಯೂ ನೋಡದೆ, "ನಿಂತ್ರೂ ಮೀನು ಬರೂದಿಲ್ಲ, ಕೂತ್ರೂ ಬರೂದಿಲ್ಲ. ಕೂತ್ಕೋ ಮಾರಾಯಾ" ಎಂದ. ಆಮೇಲೆ ತನ್ನ ಹಳೆಯ ಕೋಲನ್ನೇ ಕೊಟ್ಟ. ಹಿಡಿಯ ಕಾರ್ಕು ಸವೆದು ಹೆಬ್ಬೆರಳಿನ ಗುಳಿ ಬಿದ್ದಿತ್ತು; ಮಲ್ಲಿನಾಥನ ಹೆಬ್ಬೆರಳು ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ರೀಲು ತಿರುಗಿಸಿದರೆ ಕಿರ್ರೆನ್ನುತ್ತಿತ್ತು. ಎಣ್ಣೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

ತಪ್ಪು ಮಾತ್ರ ಮೊದಲ ದಿನವೇ ಆಯಿತು. ರೀಲಿನ ದಾರಕ್ಕೆ ಗಾಳದ ಮೋಟು ದಾರ ಕೂಡಿಸಬೇಕಿತ್ತು. ಮಗ್ಗದ ಮೇಲೆ ಎಳೆ ಹರಿದರೆ ಹಾಕುವ ನೇಕಾರ ಗಂಟು ಮಲ್ಲಿನಾಥನಿಗೆ ಅಕ್ಷರಕ್ಕಿಂತ ಮೊದಲು ಬಂದದ್ದು. ಚಿಟಿಕೆ ಹೊಡೆಯುವಷ್ಟರಲ್ಲಿ ಬಿಗಿದ. ನೂಲು ನೂಲನ್ನು ಕಚ್ಚಿಕೊಳ್ಳುತ್ತದೆ, ನೈಲಾನು ಕಚ್ಚಿಕೊಳ್ಳುವುದಿಲ್ಲ. ಗಂಟು ಜಾರಿ ಮೀನು, ಗಾಳ, ಸೀಸದ ಗುಂಡು ಒಟ್ಟಿಗೇ ಹೋದವು.

"ಏ ನೇಕಾರ, ಸಮುದ್ರಕ್ಕೆ ಸೀರೆ ನೇಯ್ತೀಯಾ?" ಎಂದು ನಕ್ಕ ಗಣಪು ತಾನೇ ಕಟ್ಟಿಕೊಟ್ಟ. ಮರುದಿನವೂ ಇವನದು ನೇಕಾರ ಗಂಟು, ಆತನದು ಬೈಗುಳ, ಆಮೇಲೆ ಆತನ ಗಂಟು. ಆರು ವರ್ಷ ಹೀಗೇ ನಡೆಯಿತು. ಮೀನು ಬಿದ್ದರೆ ಗಣಪು ಒಯ್ಯುತ್ತಿದ್ದ, ಮಲ್ಲಿನಾಥ ಕೈ ತೊಳೆದುಕೊಂಡು ಖಾನಾವಳಿಗೆ ಹೋಗುತ್ತಿದ್ದ.

ಬನಹಟ್ಟಿಯಲ್ಲಿ ಹಾಗೆ ಕೂರಲು ಜಾಗವಿರಲಿಲ್ಲ. ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಂತರೆ "ಯಾಕೋ ಮಲ್ಲು, ಒಬ್ಬನ ನಿಂತಿ?" ಎಂದು ಕೇಳುವರು, ಉತ್ತರಕ್ಕೆ ಕಾಯದೆ ಮುಂದೆ ಹೋಗುವರು. ಮನೆಯಲ್ಲಿ ಪವರ್‌ಲೂಮಿನ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕು. ಕೂಗಿ ಹೇಳುವಂಥ ಮಾತು ಅವನ ಹತ್ತಿರ ಇರಲಿಲ್ಲ.

ಎರಡು ವರ್ಷ ತಡೆದ. ಒಂದು ಭಾನುವಾರ ಲಡಿ ಇಳಿಸಿಟ್ಟು, ಕೋಲು ಹಿಡಿದು, ಅಣೆಕಟ್ಟಿನ ಹಿನ್ನೀರಿನ ದಂಡೆಯ ಅನಗವಾಡಿಗೆ ಹೋಗುವ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಮುದುಕಿ ಕೋಲನ್ನು ಮೇಲಿಂದ ಕೆಳಗೆ ನೋಡಿದಳು.

"ಸರ್ವೇದವನೇನಪಾ? ಇನ್ನ ಯಾರ ಹೊಲಾ ಮುಳಗಸೂದ ಉಳದೈತಿ?"

"ಇಲ್ಲಬೇ. ಮೀನ ಹಿಡಿಯಾಕ ಹೊಂಟೇನಿ."

"ನೌಕರಿ ಇಲ್ಲೇನ ನಿನಗ?"

"ಐತಿ."

"ಮತ್ಯಾಕ?"

ಅನಗವಾಡಿ ಬಂತು, ಅವನು ಕೋಲು ಹಿಡಿದು ಇಳಿದ. ಹಿನ್ನೀರು ಕಡಲಿನಷ್ಟೇ ಅಗಲ ಕಂಡಿತು, ಉಪ್ಪಿನ ವಾಸನೆ ಮಾತ್ರ ಇರಲಿಲ್ಲ. ಗಂಟು ಹಾಕಿದ, ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಅಭ್ಯಾಸದಂತೆ ಬೈಗುಳಕ್ಕಾಗಿ ಎಡಕ್ಕೆ ಹೊರಳಿದ. ಎಡಕ್ಕೆ ಜಾಲಿ ಗಿಡವಿತ್ತು.

ಅಂದೇ ಕಾರವಾರಕ್ಕೆ ಹೋಗುವುದೆಂದು ಗಟ್ಟಿ ಮಾಡಿದ. ಗಣಪುವಿಗೆ ಈ ಎರಡು ವರ್ಷದಲ್ಲಿ ಒಮ್ಮೆಯೂ ಫೋನು ಮಾಡಿರಲಿಲ್ಲ. ಮಾಡಿ ಏನು ಹೇಳುವುದು? ಅವರಿಬ್ಬರೂ ಮಾತಿಗಾಗಿ ಕೂತವರಲ್ಲ. ಆ ಕಟ್ಟೆಯ ಮೇಲೆ ತನಗೆ ಇನ್ನೂ ಜಾಗವಿದೆಯೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕಿತ್ತು.

"ಎಲ್ಲಿಗಿ ಹೊಂಟೀ?" ಎಂದಳು ದಾನಮ್ಮ.

"ಕಾರವಾರಕ್ಕ. ಆಫೀಸಿನ ಮೀಟಿಂಗ್ ಐತಿ."

"ಮೀಟಿಂಗಿಗೆ ಕೋಲ್ಯಾಕೋ?"

"ಲಡಿ ಎದರ ಮ್ಯಾಲ ಹಾಕೂದರಿ ನಾವು?" ಎಂದು ಶೆಡ್ಡಿನಿಂದ ಮಂಗಲಾ ಕೂಗಿದಳು. ಕೋಲು ಇರುವುದಿಲ್ಲವೆಂಬುದರ ಚಿಂತೆ ಅವಳಿಗಾದರೂ ಆಯಿತಲ್ಲ ಎಂದುಕೊಂಡು ಹೊರಟ.

ಮರುದಿನ ಇಳಿಹೊತ್ತಿಗೆ ಕಟ್ಟೆಯ ತುದಿಯಲ್ಲಿ ಗಣಪು ಇದ್ದ. ಪಕ್ಕದಲ್ಲಿ ಕೋಲಿರಲಿಲ್ಲ, ನೀರಿನಲ್ಲಿ ದಾರವಿರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಬಂದ್ಯಾ ನೇಕಾರ" ಎಂದ, ನಿನ್ನೆ ತಾನೇ ಎದ್ದುಹೋದವನಿಗೆ ಹೇಳುವ ಹಾಗೆ. ಆಮೇಲೆ ಕೋಲು ನೋಡಿದ. "ಇದೆಂತ ನೀಲಿ? ಇದಕ್ಕೂ ಊರಿನ ಬಣ್ಣ ಹತ್ತಿತಾ?"

"ಹತ್ತೇತ್ರಿ ಗಣಪಣ್ಣ. ನನಗ ಇನ್ನೂ ಹತ್ತಿಲ್ಲ."

ಮಲ್ಲಿನಾಥ ಗಾಳಕ್ಕೆ ಚುಚ್ಚಲು ತಂದ ಸಿಗಡಿಯ ಪೊಟ್ಟಣ ಬಿಚ್ಚಿಟ್ಟು, ದಾರದ ಎರಡೂ ತುದಿಗಳನ್ನು ಎಂದಿನಂತೆ ಎಡಕ್ಕೆ ಚಾಚಿದ. ಗಣಪುವಿನ ಕೈ ಹೊರಬಂತು. ಅದು ಎಷ್ಟು ನಡುಗುತ್ತಿತ್ತೆಂದರೆ ದಾರ ಬೆರಳಿಗೆ ಸಿಗಲೇ ಇಲ್ಲ. ಕೈ ಮತ್ತೆ ತೊಡೆಯ ಕೆಳಗೆ ಹೋಯಿತು.

"ಕೈ ಮಾತು ಕೇಳೂದಿಲ್ಲ ಈಗ. ಕೋಲು ಬಿಟ್ಟು ವರ್ಷ ಆಯ್ತು. ಸುಮ್ನೆ ನೋಡ್ಲಿಕ್ಕೆ ಬರ್ತೆ, ಅಷ್ಟೆ." ಗದ್ದದಿಂದ ದಾರದ ಕಡೆ ತೋರಿಸಿ ಹೇಳಿದ, "ನೀನೇ ಕಟ್ಟು. ಹೇಳ್ತೆ. ಎರಡೂ ದಾರ ಒಂದಕ್ಕೊಂದು ಐದೈದು ಸುತ್ತು. ತುದಿ ಎರಡನ್ನೂ ನಡುವೆ ತೂರ್ಸು. ಉಗುಳು ಹಚ್ಚಿ ನಿಧಾನ ಎಳಿ."

ತಾಯಿ ನೋಡಿದ್ದರೆ ಬಾಯಿಗೆ ಏನು ಸುರಿಯುತ್ತಿದ್ದಳೋ ಎಂದುಕೊಳ್ಳುತ್ತ ಮಲ್ಲಿನಾಥ ದಾರ ಬಾಯಿಗಿಟ್ಟ. ಗಂಟು ಮೊದಲ ಸಲಕ್ಕೇ ಕೂತಿತು. ಎಸೆದ. ಬಹಳ ಹೊತ್ತಿನ ಮೇಲೆ ರೀಲು ಕಿರ್ರೆಂದಿತು. ಗಂಟು ಜಾರಲಿಲ್ಲ, ಗೇಣುದ್ದದ ಕಾಣೆ ಮೀನು ಕಟ್ಟೆಯ ಮೇಲೆ ಬಂದು ಬಿತ್ತು.

"ಕಲ್ತೆ ಬಿಡು" ಎಂದ ಗಣಪು, ಮೀನನ್ನು ನೋಡದೆ. "ಇನ್ನು ನಿಮ್ಮೂರ ಹೊಳೆಯಲ್ಲೂ ಹಿಡೀಬಹುದು. ಇಷ್ಟು ದೂರ ಬರೂ ಕೆಲಸ ಇಲ್ಲ."

ಅನಗವಾಡಿಯ ಜಾಲಿ ಗಿಡ ಮಲ್ಲಿನಾಥನ ಕಣ್ಣ ಮುಂದೆ ಬಂತು. ಇಷ್ಟು ಸಲೀಸಾದದ್ದನ್ನು ಆರು ವರ್ಷ ತಾನು ಕಲಿಯದೆ ಇದ್ದದ್ದು, ಆತ ಕಲಿಸದೆ ಇದ್ದದ್ದು, ಎರಡೂ ಈಗ ವಿಚಿತ್ರವಾಗಿ ಕಂಡವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಹಲ್ಲಿನಿಂದ ದಾರ ಕತ್ತರಿಸಿ, ಮೋಟು ದಾರ ಕೂಡಿಸಿ, ಚಿಟಿಕೆಯಲ್ಲಿ ಮತ್ತೆ ನೇಕಾರ ಗಂಟನ್ನೇ ಬಿಗಿದು ಎಡಕ್ಕೆ ಚಾಚಿದ.

ಗಣಪು ಗಂಟನ್ನು ನೋಡಿದ. ಆಮೇಲೆ ಇವನ ಮುಖ ನೋಡಿದ.

"ಇದು ಜಾರ್ತದೆ."

"ಹೌದೇನ್ರಿ? ನನಗ ಗೊತ್ತಾಗಲಿಲ್ಲ."

ಗಣಪು ಕೂತಲ್ಲೇ ಸ್ವಲ್ಪ ಸರಿದು ಜಾಗ ಬಿಟ್ಟ.

"ದಡ್ಡ. ಬಿಚ್ಚು ಅದನ್ನ. ಮತ್ತೊಮ್ಮೆ ಹೇಳ್ತೆ, ಕೇಳು."