ಪೊರಕೆ ಕೋಲಿನ ಛತ್ರಿ

ವಿಡಿಯೊ ಸಂದರ್ಶನ ಇನ್ನೇನು ಶುರುವಾಗಬೇಕು, ಐರ್ಲೆಂಡಿನ ಗಾಲ್ವೇಯಲ್ಲಿರುವ ಅಕ್ಕನ ಮನೆಯಲ್ಲಿ ಇಂಟರ್ನೆಟ್ ಹೋಯಿತು. ಕೆನಡಾದಲ್ಲಿ ಓದುತ್ತಿದ್ದ ನಾನು ಲಾಕ್‌ಡೌನ್‌ನಿಂದಾಗಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರ ಇಂಟರ್ನ್‌ಶಿಪ್‌ಗಾಗಿ ವರ್ಷವಿಡೀ ತಯಾರಾಗಿದ್ದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ. ಅಲ್ಲಿದ್ದವರು ಮೈಸೂರಿನ ಡಾಕ್ಟರ್.

“ಒಳಗೆ ಬರ್ಬೇಡಮ್ಮ, ನಂಗೆ ಕೋವಿಡ್ ಪಾಸಿಟಿವ್. ಹಿತ್ತಲಲ್ಲಿ ಕಿಟಕಿ ಹತ್ರ ಕೂತ್ಕೋ, ವೈಫೈ ಸಿಗತ್ತೆ,” ಎಂದು ಒಳಗಿನಿಂದಲೇ ಕೂಗಿದರು.

ಮೊದಲ ಪ್ರಶ್ನೆಗೇ ಮಳೆ ಹನಿಯತೊಡಗಿತು. ಲ್ಯಾಪ್‌ಟಾಪ್‌ಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ, ಪೊರಕೆಯ ಕೋಲಿಗೆ ಕಟ್ಟಿದ ಛತ್ರಿಯೊಂದು ಕಿಟಕಿಯಿಂದ ನನ್ನ ತಲೆಯ ಮೇಲಕ್ಕೆ ಚಾಚಿಕೊಂಡಿತು. ಸಂದರ್ಶನ ಮುಗಿಯುವವರೆಗೂ ಡಾಕ್ಟರ್ ಅದನ್ನು ಹಿಡಿದೇ ನಿಂತಿದ್ದರು.

ಇಂಟರ್ನ್‌ಶಿಪ್ ಸಿಕ್ಕಿತು. ಅಂದು ಕೊಟ್ಟ ಉತ್ತರಗಳಲ್ಲಿ ಒಂದೂ ಈಗ ನೆನಪಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚುವವರೆಗೂ ಅವರು ತಡೆದುಕೊಂಡಿದ್ದ ಆ ಕೆಮ್ಮು ಮಾತ್ರ ಇನ್ನೂ ಕಿವಿಯಲ್ಲಿದೆ.