ಮನ್ಯಾಗ ಹೇಳಿ ಬಂದೀನಿ

ಯಾರು ಹೇಳಿದರು, ಯಾರಿಗೆ ಹೇಳಿದರು, ಎಷ್ಟರೊಳಗೆ ಆಗಬೇಕು ಎಂದು ಕೇಳುವ ಅಭ್ಯಾಸ ನನಗೆ ಮುಂದೆ ಕೆಲಸ ಮಾಡಿದ ಪತ್ರಿಕಾ ಕಚೇರಿಯಲ್ಲಿ ಬಂದದ್ದಲ್ಲ. ಅದನ್ನು ರೋಣದ ಒಂದು ಮನೆಯ ಕಟ್ಟೆಯ ಮೇಲೆ, ಇಂಗ್ಲಿಷ್ ಕಲಿಯುವಾಗ ಕಲಿತೆ.

ಐವತ್ತರ ದಶಕದ ನಡುವಿನ ಮಾತು. ಮ್ಯಾಟ್ರಿಕ್ ಮುಗಿಸಿ ಕಾಕಾನ ಸೀರೆ ಅಂಗಡಿಯಲ್ಲಿ ಕೂಡುತ್ತಿದ್ದೆ. ಸಂಜೆ ನಾವು ಐದಾರು ಗೆಳೆಯರು ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಗೆ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದೆವು. ಅವರು ವ್ಯಾಕರಣದ ಪುಸ್ತಕ ತೆರೆಯುತ್ತಿರಲಿಲ್ಲ. ಆ ದಿನ ಯಾರು ಯಾರಿಗೆ ಏನು ಹೇಳಿ ಕಳಿಸಿದರು ಎಂಬುದನ್ನು ಒಬ್ಬೊಬ್ಬರೂ ಇಂಗ್ಲಿಷಿನಲ್ಲಿ ಹೇಳಬೇಕು. ಅದೇ ಪಾಠ.

“ಮಾತು ಮುಟ್ಟಸೂದು ಬಂತಂದ್ರ ಇಂಗ್ಲಿಷ್ ಅರ್ಧಾ ಬಂದಂಗ” ಎನ್ನುತ್ತಿದ್ದರು.

ಒಂದು ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಲು ಇಂಗ್ಲಿಷಿನಲ್ಲಿ ಎಷ್ಟು ಬಗೆಯ ವಾಕ್ಯಗಳಿವೆಯೋ ಅಷ್ಟನ್ನೂ ಅವರು ನಮ್ಮ ಊಟ ಉಡುಗೆಯ ಮೂಲಕವೇ ತಿಳಿಸಿದರು. “‘ಟೆಲ್’ ಅಂದ್ರ ಎದುರಿಗೆ ಕುಂತವಗ ಬಾಯಿಲೆ ಹೇಳೂದು. ‘ಇನ್‌ಫಾರ್ಮ್’ ಅಂದ್ರ ಅದ ಮಾತಿಗೆ ರುಮಾಲು ಸುತ್ತಿ, ಕೋಟು ತೊಡಿಸಿ ಕಚೇರಿಗೆ ಕಳಸೂದು. ‘ಪಾಸ್ ಇಟ್ ಆನ್’ ಅಂದ್ರ ಪಂಕ್ತಿಯೊಳಗ ರೊಟ್ಟಿ ಬುಟ್ಟಿ ಮುಂದ ಸರಸೂದು. ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡ ಕೂಡಬ್ಯಾಡ್ರಿ.”

“ಸರ್, ಬುಟ್ಟಿಯೊಳಗ ಒಂದ ರೊಟ್ಟಿ ಉಳದಿದ್ರ?” ಎಂದು ಗಿರಣಿಯವರ ಮಗ ಕೇಳಿದ. ನಮ್ಮಲ್ಲಿ ಹೊಟ್ಟೆ ದೊಡ್ಡದಿದ್ದವನು ಅವನೇ.

“ಅದು ನಿಂದಲ್ಲ ಅಂತ ತಿಳಕೊಂಡ ಸರಸು.”

ನನಗೆ ಹೆಚ್ಚು ಹಿಡಿಸಿದ್ದು ‘ಲೆಟ್ ಹರ್ ನೋ’. ಆಕೆಗೆ ತಿಳಿಯಲು ಬಿಡು ಎಂದು ಅದರ ಅರ್ಥ. ಮಾಸ್ತರರು ಅದಕ್ಕೆ ಕೊಟ್ಟ ವಿವರಣೆ ಚಿಕ್ಕದು. “ಸುದ್ದಿ ಆಕೀದು. ನೀ ಬಾಗಲಾ ಬಿಟ್ಟ ಸರದ ನಿಂದ್ರು.”

ನನ್ನ ಅಕ್ಕನನ್ನು ಗಜೇಂದ್ರಗಡದ ದಾರಿಯಲ್ಲಿರುವ ಸೂಡಿಗೆ ಮದುವೆ ಮಾಡಿ ಕೊಟ್ಟಿತ್ತು. ಮದುವೆಗೆ ಮೊದಲೇ ಆಕೆ ಶಿಕ್ಷಕಿಯರ ತರಬೇತಿ ಮುಗಿಸಿದ್ದಳು. ನೌಕರಿ ಬಂದರೆ ಕಳಿಸುತ್ತೇವೆ ಎಂದು ಆಕೆಯ ಮಾವನವರು ಮದುವೆಯ ಮಾತುಕತೆಯಲ್ಲಿಯೇ ಹೇಳಿದ್ದರು. ಎರಡು ವರ್ಷ ನೌಕರಿ ಬರಲಿಲ್ಲ. ಅಕ್ಕ ರೊಟ್ಟಿ ಬಡಿಯುತ್ತ, ಹೊಲಕ್ಕೆ ಬುತ್ತಿ ಒಯ್ಯುತ್ತ, ಓಣಿಯ ಹುಡುಗಿಯರಿಗೆ ಅಕ್ಷರ ಹೇಳಿಕೊಡುತ್ತ ದಾರಿ ನೋಡಿದಳು.

ಹಿಂಗಾರಿ ಬಿತ್ತಿಗೆಯ ದಿನಗಳಲ್ಲಿ ಶಾಲಾ ತಪಾಸಣೆಯ ಸಾಹೇಬರು ಸೀರೆ ಕೊಳ್ಳಲು ನಮ್ಮ ಅಂಗಡಿಗೆ ಬಂದರು. ನಾನು ಅಲ್ಲಿಯೇ ಸೀರೆ ಮಡಚುತ್ತಿದ್ದೆ. ನರಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಜಾಗ ತೆರವಾಗಿದೆ, ಅದನ್ನು ನಿಮ್ಮ ಹುಡುಗಿಗೆ ಕೊಟ್ಟಿದ್ದೇವೆ ಎಂದು ಕಾಕಾನಿಗೆ ಹೇಳಿದರು. ಸೋಮವಾರ ಗಂಟೆ ಹೊಡೆಯುವ ಮೊದಲು ಆಕೆ ಅಲ್ಲಿ ಹಾಜರಿರಬೇಕು. ಇಲ್ಲದಿದ್ದರೆ ಸರದಿಯಲ್ಲಿ ಮುಂದಿದ್ದವರನ್ನು ಕರೆಯುತ್ತಾರೆ. ಇವಿಷ್ಟೂ ನನ್ನ ಕಿವಿಯಿಂದ ಕೇಳಿದ್ದು.

ಮರುದಿನ ಕಾಕಾ ಸೀರೆ ತರಲು ಗಜೇಂದ್ರಗಡಕ್ಕೆ ಹೋದ. ಬರುವಾಗ ಸೂಡಿಯಲ್ಲಿ ಇಳಿದು ಬಂದ. “ಮನ್ಯಾಗ ಹೇಳಿ ಬಂದೀನಿ” ಎಂದ. ನಮ್ಮ ಭಾಗದಲ್ಲಿ ಅಷ್ಟು ಹೇಳಿದರೆ ಕೆಲಸ ಮುಗಿದಂತೆ. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು.

ಶನಿವಾರ ಸಂಜೆ ಕಟ್ಟೆಯ ಮೇಲೆ ನನ್ನ ಸರದಿ ಬಂದಾಗ ನಾನು ಎದೆಯುಬ್ಬಿಸಿ ಹೇಳಿದೆ: “ಮೈ ಅಂಕಲ್ ಹ್ಯಾಜ್ ಇನ್‌ಫಾರ್ಮ್ಡ್ ಮೈ ಸಿಸ್ಟರ್ ದಟ್ ಶಿ ಮಸ್ಟ್ ಜಾಯಿನ್ ಆನ್ ಮಂಡೇ.”

“ವಾಕ್ಯ ಚಲೋ ಐತಿ” ಎಂದರು ಮಾಸ್ತರರು. “ಖರೇ ಐತೇನು?”

“ಖರೇರಿ ಸರ್.”

“ನಿಮ್ಮ ಕಾಕಾ ಆಕೀ ಮುಂದ ಹೇಳ್ಯಾನೇನು?”

“ಮನ್ಯಾಗ ಹೇಳಿ ಬಂದಾನ್ರಿ.”

“ಮನ್ಯಾಗ ಅಂದ್ರ ಯಾರ ಮುಂದ? ಮನಿಗೆ ಕಿವಿ ಅದಾವೇನು?”

“ಗ್ವಾಡಿಗೂ ಕಿವಿ ಇರತಾವಂತರಿ ಸರ್” ಎಂದ ಗಿರಣಿಯವರ ಮಗ.

“ಕಿವಿ ಇರತಾವಪಾ, ಕಾಲಿಲ್ಲ. ಸೋಮವಾರ ಗ್ವಾಡಿ ಎದ್ದ ನರಗುಂದಕ್ಕ ಹೋಗಂಗಿಲ್ಲ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನೌಕರಿ ಬಂದ ಸುದ್ದಿ ಕೇಳಿದ್ದರೆ ಅಕ್ಕ ಇಷ್ಟರಲ್ಲಿ ರೋಣಕ್ಕೆ ಬಂದಿರುತ್ತಿದ್ದಳು. ಸೂಡಿಯಿಂದ ನರಗುಂದಕ್ಕೆ ನಮ್ಮ ಊರಿನ ಮೇಲೆಯೇ ಹೋಗಬೇಕು. ಪಾಠ ಮುಗಿಯುವ ಮೊದಲೇ ಎದ್ದು ಅಂಗಡಿಗೆ ಹೋದೆ.

ಕಾಕಾ ಅಂಗಡಿಯ ಬಾಗಿಲು ಹಾಕುತ್ತಿದ್ದ.

“ಕಾಕಾ, ಅಕ್ಕನ ಮುಂದ ಏನಂತ ಹೇಳಿದಿ?”

“ಆಕೀ ಮುಂದ ಯಾಕ ಹೇಳ್ಲಿ? ಬೀಗರ ಮುಂದ ಹೇಳಿದೆ. ಹಿರ್ಯಾರು ಕುಂತಿದ್ರು.”

“ಏನಂತ?”

“ದೇವರ ದಯಾದಿಂದ ಹುಡುಗಿಗೆ ನರಗುಂದದಾಗ ನೌಕರಿ ಆಗೇತ್ರಿ ಅಂದೆ. ಭಾಳ ಚಲೋ ಆತು ಅಂದ್ರು. ರೊಟ್ಟಿ, ಝುಣಕ ಉಣಿಸಿ ಕಳಿಸಿದ್ರು.”

“ಸೋಮವಾರ ಅಂದಿಯೋ ಇಲ್ಲೋ?”

ಕಾಕಾ ಬೀಗ ಹಾಕುವುದನ್ನು ನಿಲ್ಲಿಸಿದ. “ಅದ್ಹ್ಯಾಂಗ ಅನ್ನಾಕ ಬರತೈತೋ? ಹೆಣ್ಣ ಕೊಟ್ಟೋರು ನಾವು. ಇಂಥಾ ದಿನಾ ಕಳಸ್ರಿ ಅಂತ ಗಂಡಿನ ಮನಿಯವರಿಗೆ ಹುಕುಮ್ ಮಾಡೂದೇನು? ತಿಳದವರು ಅದಾರ, ತಾವ ಕಳಸ್ತಾರ.”

ಕಾಕಾ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಅವಸರ ಮಾಡಬಾರದು, ಮಾತನ್ನು ಮನೆಯ ಹಿರಿಯರ ಮುಂದೆ ಇಟ್ಟು ಬರಬೇಕು. ಅವನು ಆ ಎರಡೂ ರೀತಿಗಳನ್ನು ಚೆನ್ನಾಗಿ ಪಾಲಿಸಿದ್ದ. ಅದರಿಂದಾಗಿ ಸುದ್ದಿಯಿಂದ ದಿನ ಉದುರಿಹೋಗಿತ್ತು, ಮತ್ತು ಸುದ್ದಿ ಯಾರದೋ ಆಕೆಗೆ ಅದು ತಲುಪಿರಲಿಲ್ಲ.

ಭಾನುವಾರ ಮುಂಜಾನೆ ಗಜೇಂದ್ರಗಡದ ಬಸ್ಸು ಹಿಡಿದು ಸೂಡಿಗೆ ಹೋದೆ. ಅಕ್ಕನ ಮಾವನವರು ಕಟ್ಟೆಯ ಮೇಲೆ ಕುಳಿತು ಬಿತ್ತುವ ಕೂರಿಗೆಯ ಹಗ್ಗ ಬಿಗಿಯುತ್ತಿದ್ದರು.

“ಬರ್ರಿ ಬರ್ರಿ, ಕೈಕಾಲಿಗೆ ನೀರ ತಗೋರಿ. ನಿಮ್ಮ ಕಡೆ ಬಿತ್ತಗಿ ಹ್ಯಾಂಗ ನಡದೈತಿ?”

ನೀರು ತೆಗೆದುಕೊಂಡೆ. ಬಿತ್ತಿಗೆಯ ಮಾತು ಮುಗಿಸಿದೆ. ಆಮೇಲೆ ಹೇಳಿದೆ: “ಮಾವಾರ, ಅಕ್ಕಗ ಒಂದ ಮಾತ ಮುಟ್ಟಸೂದೈತ್ರಿ.”

“ನನ್ನ ಮುಂದ ಹೇಳ್ರಿ, ನಾ ಮುಟ್ಟಸ್ತೀನಿ.”

“ನಿಮ್ಮ ಮುಂದನ ಹೇಳ್ತೀನ್ರಿ. ಆದ್ರ ಅಕ್ಕನೂ ಇಲ್ಲೇ ಬರಲಿ.”

ಅವರು ಹಗ್ಗ ಬಿಟ್ಟು ನನ್ನನ್ನೇ ನೋಡಿದರು. ಬೀಗರ ಹುಡುಗ ಹೀಗೆ ಮಾತಾಡುವುದನ್ನು ಅವರು ಕೇಳಿದವರಲ್ಲ. ಕೊನೆಗೆ ಒಳಗೆ ತಿರುಗಿ “ಏನವಾ, ಹೊರಗ ಬಾ, ತಮ್ಮ ಬಂದಾನ” ಎಂದು ಕರೆದರು. ಅಕ್ಕ ಹಿಟ್ಟಿನ ಕೈಯಲ್ಲಿ ಬಂದು ಬಾಗಿಲ ಬಳಿ ನಿಂತಳು. ಆಕೆಯ ಹಿಂದೆ ಅತ್ತೆಯವರೂ ಬಂದರು.

ಮಾಸ್ತರರ ಕಟ್ಟೆಯ ಮೇಲೆ ಕಲಿತ ಹಾಗೆ ಒಂದೇ ಉಸಿರಿಗೆ ಹೇಳಿದೆ. “ಅಕ್ಕ, ಸಾಲಿ ತಪಾಸಣಿ ಸಾಹೇಬ್ರು ನಮ್ಮ ಅಂಗಡ್ಯಾಗ ನನ್ನ ಎದುರಿಗೆ ಕಾಕಾಗ ಹೇಳ್ಯಾರ. ನಿನಗ ನರಗುಂದದ ಹೆಣ್ಣಮಕ್ಕಳ ಸಾಲ್ಯಾಗ ನೌಕರಿ ಆಗೇತಿ. ನಾಳೆ ಸೋಮವಾರ ಗಂಟಿ ಹೊಡಿಯೂದರಾಗ ನೀ ಅಲ್ಲಿರಬೇಕು. ಇರದಿದ್ರ ಬ್ಯಾರೇದವರನ್ನ ಕರೀತಾರ.”

ಮೊದಲು ಮಾತಾಡಿದವರು ಮಾವನವರು. “ನಾಳೇನ? ಅಲ್ಲೋ ತಮ್ಮಾ, ನಿಮ್ಮ ಕಾಕಾ ಇಲ್ಲೇ ಕುಂತು ಮೂರ ರೊಟ್ಟಿ ಉಂಡನಲ್ಲೋ! ರೊಟ್ಟಿ ಜೋಡಿ ಸೋಮವಾರಾನೂ ನುಂಗಿ ಹೋದನ?” ಅಷ್ಟರಲ್ಲಿ ಬಹುವಚನ ಬಿಟ್ಟುಹೋಗಿತ್ತು.

ಅಕ್ಕ ಅವರನ್ನೇ ನೋಡುತ್ತಿದ್ದಳು. “ಮಾವಾರ, ನಿಮಗ ಮೊದಲ ಗೊತ್ತಿತ್ತೇನ್ರಿ?”

“ನೌಕರಿ ಆಗೇತಿ ಅನ್ನೂದ ಗೊತ್ತಿತ್ತವಾ. ಬಿತ್ತಗಿ ಮುಗೀಲಿ, ಆಮ್ಯಾಲ ಸಾವಕಾಶ ಹೇಳೂಣು ಅಂತ ಇಟ್ಕೊಂಡಿದ್ದೆ. ಈಗ ಹೇಳಿದ್ರ ನಿನ್ನ ಮನಸ ಅಲ್ಲೇ ಹೋಗಿ ಕೂಡತೈತಿ ಅಂತ.”

“ಅದು ಎರಡ ವರ್ಷದಿಂದ ಅಲ್ಲೇ ಕುಂತೈತ್ರಿ” ಎಂದಳು ಅಕ್ಕ. ಆಕೆ ದನಿ ಏರಿಸಲಿಲ್ಲ.

“ಬಿತ್ತೂ ಆಳಿಗೆ ಬುತ್ತಿ ಯಾರ ಕಟ್ಟಬೇಕು?” ಎಂದು ಅತ್ತೆಯವರು ಕೇಳಿದರು. ಅದು ಕೊಂಕಲ್ಲ, ನಿಜವಾದ ಪ್ರಶ್ನೆ.

“ಇವತ್ತಿನ ಬುತ್ತಿ ಕಟ್ಟೀನ್ರಿ, ಅತ್ತೀ. ನಾಳಿಗೆ ಬೇಕಾದ ಹಿಟ್ಟ ಬೀಸಿ ಇಟ್ಟೀನಿ. ಶನಿವಾರ ಬಂದು ಮತ್ತ ಎಲ್ಲಾ ಮಾಡಿಟ್ಟ ಹೋಗ್ತೀನಿ. ನಾ ಹೋಗ್ತೀನ್ರಿ.”

ಕಳಿಸುತ್ತೀರಾ ಎಂದು ಆಕೆ ಕೇಳಲಿಲ್ಲ. ಮಾವನವರು ಕೂರಿಗೆಯ ಹಗ್ಗವನ್ನು ಕೈಯಲ್ಲಿ ಸುತ್ತಿದರು, ಬಿಚ್ಚಿದರು. “ಕೊಟ್ಟ ಮಾತ ಐತಿ” ಎಂದು ಹೆಂಡತಿಗೆ ಹೇಳಿ, ಎದ್ದು ತಾವೇ ಗಾಡಿಗೆ ಎತ್ತು ಹೂಡಲು ಹೋದರು. ಬಿತ್ತುವ ಎತ್ತುಗಳು ಆ ದಿನ ಮೊದಲು ನಮ್ಮನ್ನು ಬಸ್ಸಿನ ದಾರಿಗೆ ಬಿಟ್ಟು, ಆಮೇಲೆ ಹೊಲಕ್ಕೆ ಹೋದವು. ಹೊಲದಲ್ಲಿದ್ದ ಭಾವನಿಗೆ ದಾರಿಯಲ್ಲಿ ಗಾಡಿ ನಿಲ್ಲಿಸಿ ಅಕ್ಕ ತಾನೇ ಹೇಳಿದಳು. ಆತ ಮಣ್ಣಿನ ಕೈ ಒರೆಸಿಕೊಂಡು, “ಲಗೂ ಹೋಗು, ಬಸ್ ತಪ್ಪೀತು” ಎಂದ.

ಆ ರಾತ್ರಿ ಅಕ್ಕ ರೋಣದಲ್ಲಿ ಅವ್ವನ ಹತ್ತಿರ ಉಳಿದಳು. ಸೋಮವಾರ ಮೊದಲ ಬಸ್ಸಿಗೆ ನರಗುಂದಕ್ಕೆ ಹೋದಳು. ಅದೇ ಬಸ್ಸು ತಿರುಗಿ ಬರುವುದನ್ನು ಕಾಯುತ್ತ ನಾನು ನಿಲ್ದಾಣದಲ್ಲಿ ನಿಂತಿದ್ದೆ. ಆಗ ಊರೂರಿನ ನಡುವೆ ಮಾತು ಒಯ್ಯುತ್ತಿದ್ದವರು ಬಸ್ಸಿನ ಕಂಡಕ್ಟರರು.

“ನಿಮ್ಮ ಅಕ್ಕೋರು ಸಾಲಿ ಬಾಗಲದಾಗ ಬಸ್ ನಿಂದ್ರಿಸಿ ನನ್ನ ಬಾಯಿಲೆ ಎರಡ ಸಲ ಹೇಳಿಸಿ ಬಿಟ್ಟಾರಪಾ” ಎಂದು ಕಂಡಕ್ಟರ ಇಳಿಯುತ್ತಲೇ ಹೇಳಿದ. “ಗಂಟಿ ಹೊಡಿಯೂಕಿಂತ ಮೊದಲ ಹಾಜರ ಆಗ್ಯಾರಂತ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಸೂಡಿಗೆ ಬರ್ತಾರಂತ, ಗಾಡಿ ಕಳಸಬೇಕಂತ. ಮನ್ಯಾಗ ಅಲ್ಲ, ಮಾವಾರ ಮುಂದನ ಹೇಳಬೇಕಂತ.”

ಸೂಡಿಗೆ ನಾನೇ ಹೋಗಲು ಸಿದ್ಧನಾದೆ. ಕಾಕಾ ಬಿಡಲಿಲ್ಲ. ಬೀಗರ ಮನೆಯಲ್ಲಿ ಕಳೆದುಕೊಂಡ ಮಾತನ್ನು ತಾನೇ ತಿರುಗಿ ಗಳಿಸಬೇಕು ಎಂದು ಟೊಪ್ಪಿಗೆ ಹಾಕಿಕೊಂಡು ಹೊರಟ. ಗಜೇಂದ್ರಗಡದ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದ: “ಶನಿವಾರ. ಮಧ್ಯಾಹ್ನ. ಗಾಡಿ. ಮಾವಾರ ಮುಂದ. ಬರೋಬ್ಬರಿ ಐತಿಲ್ಲೋ?”

“ಬರೋಬ್ಬರಿ ಐತಿ, ಕಾಕಾ. ಮೊದಲ ಹೇಳು, ಆಮ್ಯಾಲ ಉಣ್ಣು.”

ಶನಿವಾರ ಅಕ್ಕ ಬಸ್ಸು ಇಳಿದಾಗ ಗಾಡಿ ಬಂದು ನಿಂತಿತ್ತು. ಹೊಡೆದುಕೊಂಡು ಬಂದವರು ಮಾವನವರೇ. ಇದನ್ನು ನಾನು ಕಣ್ಣಾರೆ ನೋಡಿಲ್ಲ. ಅಕ್ಕ ನನ್ನ ಮುಂದೆ ಹೇಳಿದ್ದು.